ಕರ್ನಾಟಕದ ಶಾಲೆಗೆ ಬಂದ ಯಂತ್ರಗಳು ಮತ್ತು ಮೇಷ್ಟ್ರು

ಸರ್ಕಾರಿ ಶಾಲೆಗಳು ಹರಡುವ ಮೊದಲು ಕನ್ನಡ ನಾಡಿನ ಹಳ್ಳಿಗಳಲ್ಲಿ ಮಕ್ಕಳು ಅಕ್ಷರ ಕಲಿಯುತ್ತಿದ್ದುದು ಕೂಲಿಮಠಗಳಲ್ಲಿ. ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ತಿದ್ದಿಸುವುದು ಮೊದಲ ಪಾಠ. ಕೈ ಪಳಗಿದ ಮೇಲೆ ಕಡತ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ ಮಡಿಸಿದರೆ ಕಡತ ಸಿದ್ಧವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುವುದು, ಒರೆಸುವುದು, ಬಣ್ಣ ಮಾಸಿದಾಗ ಮತ್ತೆ ಬಳಿಯುವುದು. ಈ ಸಲಕರಣೆಗಳೆಲ್ಲ ಊರಿನಲ್ಲೇ ಆಗುವಂಥವು. ಯಾವುದನ್ನು ಯಾವಾಗ ಮಗುವಿನ ಕೈಗೆ ಕೊಡಬೇಕೆಂದು ನಿರ್ಧರಿಸುವವರು ಮಠದ ಮೇಷ್ಟ್ರಾದ ಐಗಳೇ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಮುಂದೆ ವಿದ್ಯಾ ಇಲಾಖೆಗಳು ಬಂದವು. ಅಚ್ಚಾದ ಪಠ್ಯಪುಸ್ತಕ, ಕಪ್ಪುಹಲಗೆ, ಭೂಪಟಗಳು ಶಾಲೆಗೆ ಹೊರಗಿನಿಂದ ಬರತೊಡಗಿದವು. ಹೊರಗಿನಿಂದ ಬಂದ ವಸ್ತುವನ್ನು ಶಿಕ್ಷಕ ತನ್ನದಾಗಿ ಮಾಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು. ರೇಡಿಯೊ, ಟಿವಿ, ಕಂಪ್ಯೂಟರ್ ಬಂದಾಗಲೆಲ್ಲ ಅದೇ ಪ್ರಶ್ನೆ ಮರುಕಳಿಸಿದೆ.

ಬಾನುಲಿಯ ಮಟ್ಟಿಗೆ ಮೈಸೂರಿಗೆ ಹೆಮ್ಮೆಪಡುವ ಚರಿತ್ರೆ ಇದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ಅದಕ್ಕೆ ಅಂಟಿಕೊಂಡ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೊಗೆ ಬಂತು. ಒಬ್ಬ ಮೇಷ್ಟ್ರು ಸ್ವಂತ ಕುತೂಹಲದಿಂದ ತಂತ್ರಜ್ಞಾನಕ್ಕೆ ಕೈಹಾಕಿದ ನಿದರ್ಶನ ಇದು. ಸ್ವಾತಂತ್ರ್ಯಾನಂತರದ ಶಾಲಾ ಪ್ರಸಾರಗಳಿಗೆ ಆ ಭಾಗ್ಯ ಇರಲಿಲ್ಲ. ಪಾಠ ಪ್ರಸಾರವಾಗುವ ಹೊತ್ತಿಗೆ ಶಾಲೆಯ ವೇಳಾಪಟ್ಟಿಯಲ್ಲಿ ಅದೇ ವಿಷಯ ಇರಬೇಕು, ರೇಡಿಯೊ ಕೆಟ್ಟಿರಬಾರದು, ಶಿಕ್ಷಕರಿಗೆ ಅಂದಿನ ಪಾಠ ಏನೆಂದು ಮೊದಲೇ ತಿಳಿದಿರಬೇಕು. ಮೂರೂ ಒಟ್ಟಿಗೆ ಕೂಡಿಬರುವುದು ಸುಲಭವಿರಲಿಲ್ಲ.

ದೊಡ್ಡ ಜಿಗಿತ ಆದದ್ದು 1975ರಲ್ಲಿ, ಅದೂ ರಾಜಧಾನಿಯಲ್ಲಲ್ಲ, ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಿಟ್ಟುಕೊಟ್ಟಿತು. ಅದನ್ನು ಬಳಸಿ ಇಸ್ರೊ ನಡೆಸಿದ ‘ಸೈಟ್’ ಪ್ರಯೋಗ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ರಾಜ್ಯವೊಂದಕ್ಕೆ ಸುಮಾರು 400 ಹಳ್ಳಿಗಳು. ಹಳ್ಳಿಯ ಶಾಲೆಯಂಥ ಸಾರ್ವಜನಿಕ ಕಟ್ಟಡದ ಬಳಿ ಸುಮಾರು ಮೂರು ಮೀಟರ್ ಅಗಲದ ತಂತಿಬಲೆಯ ಬುಟ್ಟಿ ನಿಂತಿತು. ಅದು ಕೋಳಿಗೂಡಿಗೆ ಹೊದಿಸುವಂಥದೇ ಬಲೆ. ಅಗ್ಗವಾಗಿರಬೇಕು, ಗಾಳಿಗೆ ಬೀಳಬಾರದು, ಲಾರಿಯಲ್ಲಿ ಸಾಗಿಸಲು ಆಗಬೇಕು ಎಂಬ ಲೆಕ್ಕಾಚಾರದಲ್ಲಿ ನಮ್ಮವರೇ ರೂಪಿಸಿದ್ದು. ವಿದ್ಯುತ್ ಇಲ್ಲದ ಕೆಲವು ಕಡೆ ಟಿವಿ ಬ್ಯಾಟರಿಯಲ್ಲಿ ನಡೆಯಿತು. ದಿನಕ್ಕೆ ನಾಲ್ಕು ಗಂಟೆ ಪ್ರಸಾರ: ಬೆಳಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರಿಗೆ. ಬೆಳಗಿನ ಒಂದೂವರೆ ಗಂಟೆಯನ್ನು ಹಿಂದಿ, ಕನ್ನಡ, ತೆಲುಗು, ಒಡಿಯಾ ಭಾಷೆಗಳು ಹಂಚಿಕೊಂಡಿದ್ದರಿಂದ ಕನ್ನಡದ ಮಕ್ಕಳಿಗೆ ಸಿಕ್ಕಿದ್ದು ಇಪ್ಪತ್ತೆರಡೂವರೆ ನಿಮಿಷ. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳನ್ನು ಹೈದರಾಬಾದಿನ ಕೇಂದ್ರದಲ್ಲಿ ತಯಾರಿಸುತ್ತಿದ್ದರು.

‘ಸೈಟ್’ ಎಂದರೆ ಎಲ್ಲರೂ ಹಳ್ಳಿಗೆ ಬಂದ ಟಿವಿಯನ್ನೇ ನೆನೆಯುತ್ತಾರೆ. ಆದರೆ ಶಿಕ್ಷಣದ ಚರಿತ್ರೆಯಲ್ಲಿ ಅದಕ್ಕಿಂತ ಮುಖ್ಯವಾದ ಕೆಲಸವೊಂದು ಅದರೊಳಗೆ ನಡೆಯಿತು. ಶಾಲೆಗೆ ರಜೆ ಇದ್ದಾಗ ಮಕ್ಕಳ ಹೊತ್ತಿನ ಪ್ರಸಾರ ಖಾಲಿ ಉಳಿಯುತ್ತಿತ್ತು. ಆ ಹೊತ್ತನ್ನು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿಗೆ ಬಳಸಲಾಯಿತು. 1975ರ ಅಕ್ಟೋಬರಿನಲ್ಲಿ ಒಮ್ಮೆ, 1976ರ ಬೇಸಿಗೆಯ ರಜೆಯಲ್ಲಿ ಇನ್ನೊಮ್ಮೆ, ಹನ್ನೆರಡು ದಿನಗಳ ತರಬೇತಿ. ಎರಡೂ ಸುತ್ತು ಸೇರಿ ಆರು ರಾಜ್ಯಗಳ ಹತ್ತಿರಹತ್ತಿರ ಐವತ್ತು ಸಾವಿರ ಶಿಕ್ಷಕರು ತಮ್ಮೂರಿನಲ್ಲೋ ಪಕ್ಕದ ಊರಿನಲ್ಲೋ ಕುಳಿತು ಪಾಲ್ಗೊಂಡರು. ಅದನ್ನು ಯೋಜಿಸಿದ ಎನ್‌ಸಿಇಆರ್‌ಟಿಯವರು ಟಿವಿಯೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಟಿವಿ ಪಾಠಕ್ಕೆ ಜೊತೆಯಾಗಿ ರೇಡಿಯೊ ಪಾಠ, ಅಚ್ಚಾದ ಕೈಪಿಡಿ, ಶಿಕ್ಷಕರು ತಾವೇ ಕೈಯಾರೆ ಮಾಡಿ ನೋಡಬೇಕಾದ ಪ್ರಯೋಗಗಳು, ಕೇಂದ್ರದಲ್ಲಿ ಮಾರ್ಗದರ್ಶನ ಮಾಡುವವರೊಬ್ಬರು ಎಲ್ಲ ಇದ್ದವು. ಪರದೆಯ ಮೇಲೆ ಕಂಡದ್ದನ್ನು ಆಮೇಲೆ ಲೋಟ, ನೀರು, ಮೇಣದಬತ್ತಿ ಹಿಡಿದು ತಾವೇ ಮಾಡಿ ನೋಡಬೇಕಿತ್ತು. ತರಗತಿಗೆ ಹಿಂತಿರುಗುವಾಗ ಶಿಕ್ಷಕ ತನ್ನೊಂದಿಗೆ ಒಯ್ಯುತ್ತಿದ್ದುದು ಆ ಪ್ರಯೋಗವನ್ನು. ಅದಕ್ಕೆ ಟಿವಿಯೂ ಬೇಡ, ಉಪಗ್ರಹವೂ ಬೇಡ. ತಂತ್ರಜ್ಞಾನ ಶಿಕ್ಷಕನನ್ನು ಬದಿಗೆ ಸರಿಸದೆ ಅವನ ಕೈಯನ್ನೇ ಬಲಪಡಿಸಿದ ಕಾರಣಕ್ಕೆ ಈ ತರಬೇತಿ ನಂತರದ ಎಷ್ಟೋ ಯೋಜನೆಗಳಿಗಿಂತ ಮೇಲಿನ ಮಟ್ಟದ್ದು.

ಒಪ್ಪಂದದ ವರ್ಷ ಮುಗಿದ ಮೇಲೆ ಉಪಗ್ರಹವನ್ನು ವಾಪಸು ಸರಿಸಲಾಯಿತು. ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗದಲ್ಲಿ ಭೂ ಪ್ರಸಾರ ಕೇಂದ್ರ ಆರಂಭವಾಯಿತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಬೆಂಗಳೂರಿಗಿಂತ ನಾಲ್ಕು ವರ್ಷ ಮುಂಚೆಯೇ ಕಲ್ಯಾಣ ಕರ್ನಾಟಕದ ನಗರವೊಂದಕ್ಕೆ ಟಿವಿ ಬಂದ ಸಂಗತಿ ಶಿಕ್ಷಣದ ಕಾರಣಕ್ಕೇ ಆದದ್ದು. ಇದನ್ನು ಇನ್ನಷ್ಟು ಜನ ತಿಳಿದಿರಬೇಕು.

1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಕಂಪ್ಯೂಟರ್ ಸಾಕ್ಷರತೆ ಯೋಜನೆ ಆರಂಭಿಸಿ, ಮೊದಲಿಗೆ ದೇಶದ 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಕೊಟ್ಟಿತು. ತಂತ್ರಾಂಶವೆಲ್ಲ ಇಂಗ್ಲಿಷಿನದು, ಪಾಠಗಳಿಗೂ ಪಠ್ಯಕ್ರಮಕ್ಕೂ ನಂಟು ಕಡಿಮೆ. ದುಬಾರಿ ಯಂತ್ರ ಕೆಟ್ಟರೆ ಉತ್ತರ ಹೇಳಬೇಕಲ್ಲ ಎಂಬ ಭಯ ಬೇರೆ. ಕಂಪ್ಯೂಟರ್ ಕೋಣೆಗೆ ಬೀಗ ಹಾಕಿಡುವ ಅಭ್ಯಾಸ ಮುಂದೆ ಬಹಳ ಕಾಲ ಶಾಲೆಗಳನ್ನು ಬಿಡಲಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಬಂದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಬೇರೆಯೇ ಸತ್ಯವೊಂದನ್ನು ಎದುರಿಗಿಟ್ಟಿತು: ಅನೇಕ ಪ್ರಾಥಮಿಕ ಶಾಲೆಗಳಿಗೆ ಆಗಿನ್ನೂ ಎರಡು ಕೋಣೆ, ಇಬ್ಬರು ಶಿಕ್ಷಕರು, ಒಂದು ಒಳ್ಳೆಯ ಕಪ್ಪುಹಲಗೆಯೂ ಇರಲಿಲ್ಲ. ಅದೇ ನೀತಿಯ ಫಲವಾಗಿ ಜಿಲ್ಲೆಗಳಲ್ಲಿ ಡಯಟ್‌ಗಳು, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಹುಟ್ಟಿಕೊಂಡವು.

ಈ ಡಯಟ್‌ಗಳಲ್ಲೇ 1996ರ ಜನವರಿಯಲ್ಲಿ ಕರ್ನಾಟಕ ಮತ್ತೊಂದು ಹೊಸ ಹೆಜ್ಜೆ ಇಟ್ಟಿತು. ಇಸ್ರೊ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಮತ್ತು ಎನ್‌ಸಿಇಆರ್‌ಟಿ ಸೇರಿ ರಾಜ್ಯದ 20 ಕೇಂದ್ರಗಳಲ್ಲಿ ಸುಮಾರು 850 ಪ್ರಾಥಮಿಕ ಶಿಕ್ಷಕರಿಗೆ ಒಂದು ವಾರದ ತರಬೇತಿ ನಡೆಸಿದವು. ಚಿತ್ರ ಒಂದೇ ದಿಕ್ಕಿನಲ್ಲಿ ಬರುತ್ತಿತ್ತು, ಆದರೆ ಮಾತು ಎರಡೂ ದಿಕ್ಕಿನಲ್ಲಿ ಸಾಗುತ್ತಿತ್ತು. ಜಿಲ್ಲೆಯ ಕೇಂದ್ರದಲ್ಲಿ ಕುಳಿತ ಶಿಕ್ಷಕ ಫೋನಿನಲ್ಲಿ ಪ್ರಶ್ನೆ ಕೇಳಿದರೆ ತಜ್ಞರು ಎಲ್ಲ ಕೇಂದ್ರಗಳಿಗೂ ಕೇಳುವಂತೆ ಉತ್ತರಿಸುತ್ತಿದ್ದರು. ಆಗ ರಾಜ್ಯದಲ್ಲಿ ತರಬೇತಿ ಎಂದರೆ ಸಾಮಾನ್ಯವಾಗಿ ಮೇಲಿನವರು ಕೆಳಗಿನವರಿಗೆ, ಅವರು ಇನ್ನೂ ಕೆಳಗಿನವರಿಗೆ ಹೇಳುವ ಮೆಟ್ಟಿಲು ಪದ್ಧತಿ. ಮೆಟ್ಟಿಲು ಇಳಿದಂತೆಲ್ಲ ವಿಷಯ ಸವೆಯುತ್ತಿತ್ತು. ಉಪಗ್ರಹ ಆ ಮೆಟ್ಟಿಲುಗಳನ್ನು ತೆಗೆದುಹಾಕಿ, ತರಗತಿಯಲ್ಲಿ ನಿಂತು ಪಾಠ ಮಾಡುವವರ ಸಂಶಯ ನೇರವಾಗಿ ತಜ್ಞರ ಕಿವಿಗೆ ಬೀಳುವಂತೆ ಮಾಡಿತು.

ಅದೇ ದಶಕದ ನಡುವೆ, 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ ‘ನಲಿ-ಕಲಿ’ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ಆರಂಭವಾಯಿತು. ಆಂಧ್ರದ ಋಷಿವ್ಯಾಲಿ ಶಾಲೆಯ ಗ್ರಾಮೀಣ ಪ್ರಯೋಗವನ್ನು ಕಣ್ಣಾರೆ ಕಂಡುಬಂದ ಶಿಕ್ಷಕರು ತಾವೇ ಕಲಿಕೆಯ ಕಾರ್ಡುಗಳನ್ನು, ಏಣಿಯ ಹಂತಗಳನ್ನು ರೂಪಿಸಿಕೊಂಡರು. ರಟ್ಟಿನ ಕಾರ್ಡನ್ನು ತಂತ್ರಜ್ಞಾನ ಎನ್ನಬಹುದೇ ಎಂದು ಕೇಳುವವರಿದ್ದಾರೆ. ತರಗತಿಯ ಕೆಲಸವನ್ನು ಬದಲಿಸಿದ ಸಾಧನ ಎಂಬ ಅರ್ಥದಲ್ಲಿ ಧಾರಾಳವಾಗಿ ಎನ್ನಬಹುದು. ಅದು ರಾಜ್ಯದಾದ್ಯಂತ ಹರಡಿದ್ದಕ್ಕೆ ಒಂದು ಮುಖ್ಯ ಕಾರಣ, ಮೊದಲು ಅದನ್ನು ಮಾಡಿದವರು ಶಿಕ್ಷಕರೇ ಆಗಿದ್ದುದು.

2000ದ ದಶಕದಲ್ಲಿ ಯೋಜನೆಗಳು ಒಂದರ ಮೇಲೊಂದು ಬಂದವು. ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ರೇಡಿಯೊ ಪಾಠಗಳಲ್ಲಿ ಹಾಡು, ಕಥೆಗಳ ನಡುವೆ ಮಕ್ಕಳು ಉತ್ತರ ಹೇಳಲು, ಎದ್ದು ಅಭಿನಯಿಸಲು ಬಿಡುವು ಇಡುವ ಪದ್ಧತಿ ಬಂತು. ಆ ಬಿಡುವನ್ನು ತುಂಬಿಸುವವರು ಶಿಕ್ಷಕರು. ಅವರು ಸುಮ್ಮನೆ ಕುಳಿತರೆ ರೇಡಿಯೊವೂ ಮಂಕಾಗುತ್ತಿತ್ತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಉಡಾವಣೆಯಾಯಿತು. ಅದರ ಪ್ರಾಥಮಿಕ ಶಿಕ್ಷಣದ ಪ್ರಯೋಗಕ್ಕೆ ಆಯ್ಕೆಯಾದದ್ದು ಚಾಮರಾಜನಗರ ಜಿಲ್ಲೆ, 885 ಶಾಲೆಗಳು. ಕಾಡಂಚಿನ ಶಾಲೆಗಳೂ ಪಾಠಗಳನ್ನು ಪಡೆದದ್ದು ಸಣ್ಣ ಸಾಧನೆಯಲ್ಲ. ಆದರೆ ಕರೆಂಟು ಹೋದರೆ, ಬ್ಯಾಟರಿ ಸತ್ತರೆ, ಸರಿಪಡಿಸುವವರು ಬರಲು ತಡವಾದರೆ ಆ ದಿನದ ಪಾಠ ಹೋದಂತೆಯೇ. ಪ್ರಸಾರ ಯಾರಿಗೂ ಕಾಯುವುದಿಲ್ಲ.

ಹೈಸ್ಕೂಲುಗಳಲ್ಲಿ 2001ರ ಸುಮಾರಿಗೆ ‘ಮಾಹಿತಿ ಸಿಂಧು’ ಬಂತು, ಸಾವಿರ ಶಾಲೆಗಳಿಗೆ. ಕಂಪ್ಯೂಟರುಗಳನ್ನು ಒದಗಿಸಿ ಕಲಿಸುವ ಹೊಣೆ ಖಾಸಗಿ ಕಂಪನಿಗಳದು. ಪಾಠ ಹೇಳುವವರು ಕಂಪನಿಯ ಬೋಧಕರು. ಮಕ್ಕಳಿಗೆ ಕಂಪ್ಯೂಟರ್ ಪರಿಚಯವಾದದ್ದು ನಿಜ. ಆದರೆ ಗಣಿತದ ಮೇಷ್ಟ್ರು, ವಿಜ್ಞಾನದ ಟೀಚರು ಅದೇ ಕಟ್ಟಡದಲ್ಲಿದ್ದೂ ಆ ಕೋಣೆಗೆ ಹೊರಗಿನವರಾಗೇ ಉಳಿದರು. ಗುತ್ತಿಗೆ ಮುಗಿದು ಬೋಧಕರು ಹೊರಟಾಗ ಅವರ ಅನುಭವವೂ ಅವರೊಂದಿಗೇ ಹೊರಟಿತು. ಇದು ಯಂತ್ರದ ಸೋಲಲ್ಲ. ಶಾಲೆಯಲ್ಲಿ ಖಾಯಂ ಇರುವವರನ್ನು ಬಿಟ್ಟು ಯೋಜನೆ ಹೂಡಿದ್ದರ ಫಲ.

ಭಾಷೆಯ ತೊಡಕೂ ಸಣ್ಣದಾಗಿರಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಿಂದ ಶಿಕ್ಷಕರು ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡಲು ಕಲಿತರು. ಆದರೂ ಒಂದು ಫಾಂಟಿನಲ್ಲಿ ಬರೆದದ್ದು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಬಳಕೆ ಹರಡಿದ ಮೇಲಷ್ಟೇ ಒಬ್ಬ ಶಿಕ್ಷಕಿ ಬರೆದ ಪಾಠಟಿಪ್ಪಣಿ ನೂರು ಮೈಲಿ ಆಚೆಯ ಇನ್ನೊಬ್ಬರಿಗೆ ಹಾಗೆಯೇ ತಲುಪುವಂತಾಯಿತು.

ಆ ಅನುಕೂಲವನ್ನು ಚೆನ್ನಾಗಿ ದುಡಿಸಿಕೊಂಡದ್ದು 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆ. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಹೈಸ್ಕೂಲಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ಮುಕ್ತ ತಂತ್ರಾಂಶಗಳಲ್ಲಿ ತರಬೇತಿ ಕೊಟ್ಟವು. ಗಣಿತದವರಿಗೆ ಜಿಯೊಜೀಬ್ರಾ ಸಿಕ್ಕಿತು. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ಕಪ್ಪುಹಲಗೆಯ ಮೇಲೆ ಒಂದು ತ್ರಿಭುಜ ಬರೆದು ಸಾಧಿಸಬಹುದು. ಜಿಯೊಜೀಬ್ರಾದಲ್ಲಿ ಅದೇ ತ್ರಿಭುಜದ ಒಂದು ಶೃಂಗವನ್ನು ಮೌಸಿನಿಂದ ಹಿಡಿದು ಎಳೆದರೆ ಮೂರೂ ಕೋನಗಳ ಅಳತೆ ಕಣ್ಣೆದುರೇ ಏರಿಳಿಯುತ್ತದೆ. ಮೊತ್ತ ಮಾತ್ರ ಅಲುಗುವುದಿಲ್ಲ. ಚಪ್ಪಟೆಯಾಗುವವರೆಗೆ ಎಳೆದರೂ ಅಷ್ಟೇ. ಹಾಗೇಕೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುವಂತೆ ಮಾಡಿ, ಆಮೇಲೆ ಸಾಧನೆಯನ್ನು ಹಲಗೆಯ ಮೇಲೆ ಬರೆಸುವುದು ಶಿಕ್ಷಕರ ಕೆಲಸ. ಶಿಕ್ಷಕರು ತಯಾರಿಸಿದ ಇಂಥ ಸಾಮಗ್ರಿಗಳು 2013ರಲ್ಲಿ ಆರಂಭವಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಭಂಡಾರ ‘ಕೋಯರ್’ನಲ್ಲಿ ಸೇರತೊಡಗಿದವು. ಯಾರು ಬೇಕಾದರೂ ತೆಗೆದುಕೊಂಡು ತಿದ್ದಿ ಬಳಸಬಹುದಾದ ಕನ್ನಡದ ಪಾಠಸಾಮಗ್ರಿ ಅದು. ಶಿಕ್ಷಕರನ್ನು ಹುರಿದುಂಬಿಸಲು ಕೇಂದ್ರ ಸರ್ಕಾರ 2010ರಲ್ಲಿ ಐಸಿಟಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಸ್ಥಾಪಿಸಿತ್ತು. ಪ್ರಶಸ್ತಿ ಬರುವುದು ಕೆಲವರಿಗೆ. ತಾನು ಮಾಡಿದ ಪಾಠವನ್ನು ಇನ್ನೊಬ್ಬ ಮೇಷ್ಟ್ರು ಬಳಸಿ ಚೆನ್ನಾಗಿದೆ ಎಂದು ಬರೆದಾಗ ಸಿಗುವ ಉತ್ತೇಜನ ಮಾತ್ರ ಎಲ್ಲರಿಗೂ ಎಟುಕುವಂಥದು.

2016-17ರಲ್ಲಿ ರಾಜ್ಯ ಸರ್ಕಾರ ‘ಟಾಲ್ಪ್’ ಎಂಬ ತಂತ್ರಜ್ಞಾನಾಧಾರಿತ ಕಲಿಕಾ ಕಾರ್ಯಕ್ರಮ ಆರಂಭಿಸಿ, ಶಿಕ್ಷಕರ ತರಬೇತಿಯನ್ನೇ ಅದರ ಮುಖ್ಯ ಅಂಗವಾಗಿಸಿತು. ಶಾಲೆಯ ವಿಷಯ ಶಿಕ್ಷಕರೇ ಕಂಪ್ಯೂಟರ್ ಬಳಸಬೇಕು ಎಂಬ ನಿಲುವಿಗೆ ಬರಲು ‘ಮಾಹಿತಿ ಸಿಂಧು’ವಿನಿಂದ ಹದಿನೈದು ವರ್ಷ ಹಿಡಿದಿತ್ತು. 2017ರ ಸೆಪ್ಟೆಂಬರ್ 5ರ ಶಿಕ್ಷಕರ ದಿನದಂದು ಕೇಂದ್ರದ ‘ದೀಕ್ಷಾ’ ಡಿಜಿಟಲ್ ಕಲಿಕಾ ವೇದಿಕೆ ಉದ್ಘಾಟನೆಯಾಯಿತು. ಕ್ರಮೇಣ ಪಠ್ಯಪುಸ್ತಕದ ಪಾಠಗಳಲ್ಲಿ ಅದರ ಸಾಮಗ್ರಿಗೆ ಕರೆದೊಯ್ಯುವ ಕ್ಯೂಆರ್ ಕೋಡ್‌ಗಳು ಅಚ್ಚಾದವು.

2020ರ ಮಾರ್ಚಿನಲ್ಲಿ ಕೋವಿಡ್ ಶಾಲೆಗಳನ್ನು ಮುಚ್ಚಿಸಿತು. ಜುಲೈ ಹೊತ್ತಿಗೆ ಹೈಸ್ಕೂಲು ಮಕ್ಕಳಿಗೆ ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಪಾಠಗಳು ಶುರುವಾದವು. ಆನ್‌ಲೈನ್ ಪಾಠಕ್ಕೆ ಮನೆಯಲ್ಲಿ ಸ್ಮಾರ್ಟ್‌ಫೋನೇ ಇಲ್ಲದ, ಇದ್ದರೂ ಸಿಗ್ನಲ್ ಸಿಗದ ಮಕ್ಕಳ ಸಂಖ್ಯೆ ದೊಡ್ಡದು ಎಂಬುದು ಎಲ್ಲರಿಗೂ ಆಗ ಕಂಡಿತು. ಆಗಸ್ಟಿನಲ್ಲಿ ಬಂದ ‘ವಿದ್ಯಾಗಮ’ದಡಿ ಶಿಕ್ಷಕರೇ ಊರೂರಿಗೆ ಹೋಗಿ ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳಿನಲ್ಲಿ ಮಕ್ಕಳನ್ನು ಗುಂಪುಗಳಾಗಿ ಕೂರಿಸಿ ಕಲಿಸಿದರು. ಫೋನಿದ್ದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಅಭ್ಯಾಸ, ಇಲ್ಲದವರಿಗೆ ಹಾಳೆಯ ಮೇಲೆ. ಯಾವ ಮನೆಯಲ್ಲಿ ಏನಿದೆ ಎಂದು ಬಲ್ಲವರು ಮೇಷ್ಟ್ರೇ ಆದ್ದರಿಂದ ಆ ವಿಂಗಡಣೆ ಅವರಿಂದಷ್ಟೇ ಸಾಧ್ಯವಿತ್ತು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತು.

ಅದೇ ಕಾಲದಲ್ಲಿ ಶಿಕ್ಷಕರ ತರಬೇತಿಯೂ ‘ನಿಷ್ಠಾ’ ಕೋರ್ಸುಗಳ ರೂಪದಲ್ಲಿ ದೀಕ್ಷಾ ವೇದಿಕೆಗೆ ಸರಿಯಿತು. ಈಗ ಶಿಕ್ಷಕರು ತಮಗೆ ಬಿಡುವಾದಾಗ ಮೊಬೈಲಿನಲ್ಲಿ ವಿಡಿಯೊ ನೋಡಿ, ಪ್ರಶ್ನೆಗಳಿಗೆ ಉತ್ತರಿಸಿ, ಪ್ರಮಾಣಪತ್ರ ಪಡೆಯುತ್ತಾರೆ. ಮನೆಮಠ ಬಿಟ್ಟು ಡಯಟ್‌ಗೆ ಹೋಗಿ ದಿನಗಟ್ಟಲೆ ಇರಬೇಕಾದ ಕಷ್ಟ ತಪ್ಪಿದೆ. ಮಹಿಳಾ ಶಿಕ್ಷಕರಿಗೆ ಇದು ದೊಡ್ಡ ಅನುಕೂಲ. ಆದರೆ 1996ರ ಜನವರಿಯಲ್ಲಿ ಫೋನ್ ಎತ್ತಿದ ಶಿಕ್ಷಕರಿಗೆ ಇದ್ದ ಅವಕಾಶ, ಅಂದರೆ ತನ್ನ ತರಗತಿಯ ಸಂಶಯವನ್ನು ಕೇಳಿ ಅಲ್ಲೇ ಉತ್ತರ ಪಡೆಯುವುದು, ಈ ಕೋರ್ಸುಗಳಲ್ಲಿ ಬಹಳ ಕಡಿಮೆ. ಅದನ್ನು ಮತ್ತೆ ಸೇರಿಸಲು ಬೇಕಾದ ಜಾಲ, ಡಯಟ್, ಅನುಭವಿ ವಿಷಯ ಶಿಕ್ಷಕರು ಎಲ್ಲವೂ ರಾಜ್ಯದ ಬಳಿ ಈಗಾಗಲೇ ಇವೆ.