ಕೆಚ್ಚಲು ಬಾವಿನ ಕೆಂಪು ಲೇಪ

ಕಲ್ಯಾಣದ ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದ ಸುಮಾರಿಗೆ ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿ, ಔಷಧವನ್ನೂ ಮಂತ್ರವನ್ನೂ ಒಂದೇ ಹೊತ್ತಗೆಯಲ್ಲಿ ಕೂಡಿಸಿಟ್ಟನೆಂಬುದನ್ನು ನೆನೆದರೆ, ದನಕರುಗಳಿಗೆ ಮದ್ದನ್ನರಸುವ ವಿದ್ಯೆಯನ್ನು ಅರಮನೆಯವರೂ ಕೀಳೆಂದೆಣಿಸಿರಲಿಲ್ಲವೆಂಬುದು ವಿಶದವಾಗುತ್ತದೆ. ಆದರೆ ಉಡುಪಿ, ಕಾಪು, ಕಾರ್ಕಳಗಳ ಹಟ್ಟಿಗಳಲ್ಲಿ ಆ ವಿದ್ಯೆ ಓಲೆಗರಿಯಲ್ಲಿ ಉಳಿದುದಕ್ಕಿಂತ ಅರೆಯುವ ಕಲ್ಲಿನ ಮೇಲೆ ಉಳಿದದ್ದೇ ಹೆಚ್ಚು. ಪೆಟ್ಟಿಗೋ ಉಳುಕಿಗೋ ಮನೆಮಂದಿಗೆ ಹಚ್ಚುತ್ತಿದ್ದ ಅರಿಶಿನ-ಸುಣ್ಣದ ಲೇಪವೇ ಬಾತ ಕೆಚ್ಚಲಿಗೂ ಸಲ್ಲುತ್ತಿತ್ತು. ಸುಣ್ಣವಾದರೋ ಚಿಪ್ಪುಗಳನ್ನು ಸುಟ್ಟು, ನೀರೆರೆದು ಅರಳಿಸಿದ್ದು. ವೀಳ್ಯದ ಹರಿವಾಣದಲ್ಲಿ ಸದಾ ಸಿಕ್ಕುವಂಥದು.

ಆದರೂ ಕೆಚ್ಚಲು ಬಾವೆಂಬ ಈ ವ್ಯಾಧಿ ಹಿಂದೆ ಇಂದಿನಷ್ಟು ದೊಡ್ಡ ಚಿಂತೆಯಾಗಿತ್ತೆಂದು ನನಗೆ ತೋರುವುದಿಲ್ಲ. ಗುಡ್ಡದಲ್ಲಿ ಮೇದು ಬರುತ್ತಿದ್ದ ಮಲೆನಾಡು ಗಿಡ್ಡ ತಳಿಯ ಊರದನ ಕೊಡುತ್ತಿದ್ದ ಹಾಲೇ ಅಲ್ಪ. ಅದರಲ್ಲಿ ಕರುವಿನ ಪಾಲು ಕಳೆದು ಉಳಿದದ್ದು ಮನೆಯ ಮಜ್ಜಿಗೆಗೆ. 1974ರಲ್ಲಿ ಟಿ. ಎ. ಪೈಯವರ ಮುಂದಾಳುತನದಲ್ಲಿ ಮಣಿಪಾಲದಲ್ಲಿ ಕೆನರಾ ಹಾಲು ಒಕ್ಕೂಟವು ಆರಂಭವಾಗಿ, ಹಾಲು ಪೇಟೆಯ ವಸ್ತುವಾಗಿ, ಜರ್ಸಿ ಮತ್ತು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿಯ ಹಸುಗಳು ಹಟ್ಟಿಗೆ ಬಂದು ಕಟ್ಟಿದಲ್ಲೇ ನಿಲ್ಲತೊಡಗಿದ ಮೇಲೆ, ಕೆಚ್ಚಲು ಹಿಗ್ಗಿದಂತೆ ಅದರ ಅಪಾಯವೂ ಹಿಗ್ಗಿತು. ಹಸಿ ನೆಲದಿಂದಲೂ ಹಿಂಡುವವರ ಕೈಯಿಂದಲೂ ಮೊಲೆತೊಟ್ಟಿನ ರಂಧ್ರವನ್ನು ಹೊಕ್ಕ ಸ್ಟೆಫೈಲೋಕಾಕಸ್, ಸ್ಟ್ರೆಪ್ಟೋಕಾಕಸ್ ಮುಂತಾದ ರೋಗಾಣುಗಳು ಒಳಗೆ ಬೆಳೆದು, ಹಾಲು ನೀರಾಗಿ, ಗರಣೆಗಟ್ಟಿ, ಕೆಲವೊಮ್ಮೆ ರಕ್ತಮಿಶ್ರವಾಗಿ ಇಳಿಯುತ್ತದೆ. ಹಾಲಿನ ಸೊಸೈಟಿ ಅಂಥ ಹಾಲನ್ನು ಕೊಳ್ಳದು.

ಆಗ ಮೊಲೆತೊಟ್ಟಿಗೆ ಏರಿಸುವ ಆಂಟಿಬಯೋಟಿಕ್ ಟ್ಯೂಬು, ಇಂಜೆಕ್ಷನ್ನುಗಳು ಬಂದು ಅರೆಯುವ ಕಲ್ಲನ್ನು ಮೂಲೆಗೊತ್ತಿದುದು ಸಹಜವೇ. ಅವು ಎಷ್ಟೋ ಹಸುಗಳನ್ನು ಉಳಿಸಿದುವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಮದ್ದಿನ ಶೇಷ ಹಾಲಿಗಿಳಿಯುವುದರಿಂದ ಕೆಲವು ದಿನ ಹಾಲನ್ನು ಚೆಲ್ಲಬೇಕಾಯಿತು; ರೋಗಾಣುಗಳೂ ಮದ್ದಿಗೆ ಮಣಿಯದಂತಾಗತೊಡಗಿದುವು. ಈ ಕಾರಣಗಳಿಂದಲೇ ವಿದ್ವಾಂಸರ ದೃಷ್ಟಿ ಮರಳಿ ಹಿತ್ತಿಲ ಕಡೆಗೆ ತಿರುಗಿತು. ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದವರು ನಾಟಿ ಪಶುವೈದ್ಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದರು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಪ್ರಚುರಪಡಿಸಿರುವ ಲೇಪದಲ್ಲಿ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಸೇರುತ್ತವೆ. ಅಜ್ಜಿಯಂದಿರ ಬೆರಳ ತುದಿಯ ಅಂದಾಜು ಇಲ್ಲಿ ತಕ್ಕಡಿಗೇರಿದೆ, ಅಷ್ಟೆ.

ಅರೆದಂತೆ ಸುಣ್ಣದ ಕ್ಷಾರಕ್ಕೆ ಅರಿಶಿನ ಕೆಂಪೇರುತ್ತದೆ. ಕೆಟ್ಟ ಹಾಲನ್ನು ಪೂರ್ತಿ ಹಿಂಡಿ ತೆಗೆದು, ಕೆಚ್ಚಲನ್ನು ತೊಳೆದು, ಆ ಕೆಂಪು ಮುದ್ದೆಯಲ್ಲಿ ಒಂದು ಪಾಲನ್ನು ನೀರಿನಲ್ಲಿ ಕದಡಿ ಇಡೀ ಕೆಚ್ಚಲಿಗೆ ಸವರಬೇಕು. ದಿನಕ್ಕೆ ಎಂಟು-ಹತ್ತು ಸಲ, ಐದು ದಿನ. ಇದಕ್ಕೆ ಬೇಕಾದ ಬಿಡುವು ಡೈರಿಗೆ ಓಡುವ ಮನೆಗಳಲ್ಲಿ ಎಲ್ಲಿಯದು! ಕೆಚ್ಚಲು ಕಲ್ಲಾಗಿ, ಜ್ವರವೇರಿ, ಹಸು ಮೇವು ಬಿಟ್ಟಿತೆಂದರೆ, ಲೋಳೆಸರ ಅರೆಯುವವರೂ ಪಶುವೈದ್ಯರಿಗೆ ಹೇಳಿಕಳುಹಿಸುವುದೇ ಸರಿ.