ಸೋದರಮಾವನಾದ ಜಾಗ್ವಾರ್

ಅಮೆಜಾನಿನ ಕಾದಂಬರಿಗಳ ಮಾತು ಬಂದರೆ ಸಾಕು, ಜಾಗ್ವಾರ್ ಎಂದರೆ ಸ್ವಾತಂತ್ರ್ಯ, ಅನಕೊಂಡ ಎಂದರೆ ಸುಪ್ತಪ್ರಜ್ಞೆ ಎಂದು ವಿಚಾರ ಸಂಕಿರಣಗಳಲ್ಲಿ ಪಟ್ಟಿ ಒಪ್ಪಿಸುತ್ತಾರೆ. ಮಿಕ್ಕಿದ್ದಕ್ಕೆಲ್ಲ ಮಾಂತ್ರಿಕ ವಾಸ್ತವತೆಯ ಹಣೆಪಟ್ಟಿ ಇದ್ದೇ ಇದೆ. ಆದರೆ ಆ ಕಾಡಿನ ಅನೇಕ ಬುಡಕಟ್ಟುಗಳಿಗೆ ಪ್ರಾಣಿ ಮತ್ತೊಂದರ ಗುರುತಲ್ಲ, ತನ್ನದೇ ನೋಟವಿರುವ ವ್ಯಕ್ತಿ. ಜಾಗ್ವಾರ್ ತನ್ನ ಕಣ್ಣಿಗೆ ತಾನೇ ಮನುಷ್ಯ. ನಮಗೆ ರಕ್ತವಾದದ್ದು ಅದಕ್ಕೆ ಮರಗೆಣಸಿನ ಹೆಂಡ.

ಆರಂಭದ ಲೇಖಕರು ಇಷ್ಟು ದೂರ ಬರಲಿಲ್ಲ. ಒರಾಸಿಯೊ ಕಿರೋಗ 1918ರ ಕಾಡಿನ ಕಥೆಗಳಲ್ಲಿ ಪ್ರಾಣಿಗಳ ಬಾಯಿಗೆ ಮಾತು ಕೊಟ್ಟ, ಕಿಪ್ಲಿಂಗನ ನೆರಳು ದಟ್ಟವಾಗಿದೆ. ರಿವೇರಾನ ‘ಲಾ ವೊರಾಹಿನೆ’ (1924) ರಬ್ಬರ್ ದಂಧೆಯ ಕ್ರೌರ್ಯವನ್ನು ಬಯಲಿಗೆಳೆಯಿತು, ಆದರೆ ಅಲ್ಲಿನ ಇರುವೆ ದಂಡು ಬರೀ ಭಯ. 1928ರಲ್ಲಿ ಮಾರಿಯೊ ದೆ ಆಂದ್ರಾದೆಯ ‘ಮಕುನೈಮಾ’ ಬಂತು. ಅದರ ಬೇರು ಜರ್ಮನ್ ವಿದ್ವಾಂಸ ಕೋಖ್-ಗ್ರ್ಯುನ್‌ಬರ್ಗ್ ರೊರೈಮಾ ಬೆಟ್ಟದ ಸೀಮೆಯಲ್ಲಿ ಬರೆದುಕೊಂಡ ಕಥೆಗಳಲ್ಲಿದೆ. ಕಥೆ ಹೇಳಿದವರು ಅಕೂಲಿ ಮತ್ತು ಮಯುಲುವಾಯ್ಪು. ಜರ್ಮನ್ನನ ಹೆಸರು ನೆನಪಿಡುವ ಸಮೀಕ್ಷೆಗಳು ಈ ಇಬ್ಬರನ್ನು ಮರೆಯುತ್ತವೆ.

ನನ್ನ ಮಟ್ಟಿಗೆ ನಿಜವಾದ ತಿರುವು 1961. ಗಿಮರಾಯ್ಸ್ ರೋಸಾನ ‘ಮೆವು ತಿಯೊ ಒ ಯವರೆತೆ’ ಪತ್ರಿಕೆಯೊಂದರಲ್ಲಿ ಅಚ್ಚಾದ ವರ್ಷ. ಕಥೆ ನಡೆಯುವುದು ಮಳೆಕಾಡಿನಲ್ಲಲ್ಲ, ಬ್ರೆಜಿಲಿನ ಒಳನಾಡಿನಲ್ಲಿ; ಅದರ ಉಸಿರು ಮಾತ್ರ ಟುಪಿ ಜನರದು. ಜಾಗ್ವಾರ್‌ಗಳನ್ನು ಕೊಂದು ಜಾಗ ಖಾಲಿ ಮಾಡಿಸಲು ನೇಮಕಗೊಂಡ ಬೇಟೆಗಾರ, ತಾಯಿ ಮೂಲನಿವಾಸಿ, ತಂದೆ ಬಿಳಿಯ. ರಾತ್ರಿ ಗುಡಿಸಲಿಗೆ ಬಂದ ಅಪರಿಚಿತನ ಸಾರಾಯಿ ಕುಡಿಯುತ್ತ ಒಬ್ಬನೇ ಮಾತಾಡುತ್ತಾನೆ. ಜಾಗ್ವಾರ್ ತನ್ನ ತಾಯಿಯ ಅಣ್ಣ ಎನ್ನುತ್ತಾನೆ. ಪೋರ್ಚುಗೀಸಿನ ನಡುವೆ ಟುಪಿ ನುಸುಳುತ್ತದೆ, ಟುಪಿಯ ನಡುವೆ ಗುರುಗುಟ್ಟು. ಅಪರಿಚಿತನ ರಿವಾಲ್ವರ್ ಎದುರು ಕೊನೆಗೆ ಮಾತೇ ಮುರಿದು ನರಳಿಕೆ ಉಳಿಯುತ್ತದೆ. ಸೋದರಮಾವನನ್ನು ಕೊಂದವನ ಪಾಪಭಾರ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮಾನವಶಾಸ್ತ್ರಜ್ಞ ವಿವೇರೊಸ್ ದೆ ಕಾಸ್ತ್ರೊ ಪ್ರಾಣಿಯ ನೋಟದ ಬಗ್ಗೆ ತನ್ನ ಹೆಸರಾಂತ ಪ್ರಬಂಧ ಬರೆದದ್ದು 1996ರಲ್ಲಿ. ಕಥೆಗಾರ 35 ವರ್ಷ ಮುಂದಿದ್ದ.

ನಮ್ಮ ತಲೆಮಾರು ತಲೆಮೇಲಿಟ್ಟುಕೊಂಡದ್ದು ವರ್ಗಾಸ್ ಯೋಸಾನ ‘ಎಲ್ ಆಬ್ಲಾದೊರ್’ (1987). ಮಚಿಗೆಂಗಾ ಜನರ ನಡುವೆ ಕಥೆಗಾರನಾಗುವ ಯೆಹೂದಿ ವಿದ್ಯಾರ್ಥಿ, ಅವನ ಜೊತೆ ಒಂದು ಗಿಣಿ. ಕಟ್ಟಡ ಭದ್ರ. ಆದರೆ ಮನುಷ್ಯ ಕೀಟವಾಗುವ ಜಾಗಕ್ಕೆ ಬಂದಾಗ ನೆರವಿಗೆ ಬರುವವನು ಕಾಫ್ಕಾ! ದಾರ್ಸಿ ರಿಬೇರೊನ ‘ಮಾಯ್ರಾ’ (1976) ಇದಕ್ಕಿಂತ ಆಳದ್ದು, ಓದಿದವರು ಕಡಿಮೆ. ಈಚೆಗೆ ಮಿಶೆಲಿನಿ ವೆರುನ್ಶ್ಕ್ 2021ರ ಕಾದಂಬರಿಯಲ್ಲಿ, ಜರ್ಮನ್ ವಿಜ್ಞಾನಿಗಳಾದ ಸ್ಪಿಕ್ಸ್ ಮತ್ತು ಮಾರ್ಟಿಯಸ್ 1820ರಲ್ಲಿ ಮ್ಯೂನಿಕ್‌ಗೆ ಒಯ್ದ, ಅಲ್ಲೇ ಸತ್ತ ಇಬ್ಬರು ಮೂಲನಿವಾಸಿ ಮಕ್ಕಳ ಸೇಡನ್ನು ಜಾಗ್ವಾರ್‌ಗೆ ಒಪ್ಪಿಸಿದ್ದಾರೆ.

ಎಲ್ಲರಿಗೂ ಜಾಗ್ವಾರೇ ಬೇಕು. ಬೇಟೆಯ ಊಟದಲ್ಲೂ ಪುರಾಣದಲ್ಲೂ ಪೆಕರಿ ಹಂದಿ, ಟೇಪಿರ್‌ಗಳ ಪಾಲು ದೊಡ್ಡದು. ಕಾದಂಬರಿಯಲ್ಲಿ ಅವುಗಳ ಸುಳಿವೇ ಅಪರೂಪ. ಈಗ ಮೂಲನಿವಾಸಿಗಳೇ ಬರೆಯುತ್ತಿದ್ದಾರೆ. ಮಕುಶಿ ಕಲಾವಿದ ಜೈದೆರ್ ಎಸ್ಬೆಲ್ ಮಕುನೈಮಾ ತನ್ನ ಅಜ್ಜ ಎಂದೇ ಬರೆದ. ಐಲ್ಟನ್ ಕ್ರೆನಾಕ್ 2023ರಲ್ಲಿ ಬ್ರೆಜಿಲಿನ ಸಾಹಿತ್ಯ ಅಕಾಡೆಮಿಗೆ ಆಯ್ಕೆಯಾದ ಮೊದಲ ಮೂಲನಿವಾಸಿ. 50ಕ್ಕೂ ಹೆಚ್ಚು ಪುಸ್ತಕ ಬರೆದ ಡೇನಿಯಲ್ ಮುಂಡುರುಕು ಮಾತ್ರ ಇಂದಿಗೂ ಹೆಚ್ಚಾಗಿ ಮಕ್ಕಳ ಸಾಹಿತ್ಯದ ಕಪಾಟಿನಲ್ಲೇ ಸಿಗುತ್ತಾರೆ, ಕಾದಂಬರಿಯ ಸಮೀಕ್ಷೆ ಬರೆಯುವವರು ಆ ಕಡೆ ಹಾಯುವುದಿಲ್ಲ.