ಇರುಳಿನ ಬಾನುಲಿ ಮತ್ತು ಎರಡು ದಾರಿಯ ಅಲೆಗಳು



ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಹಿರಿಯರು ಬಲ್ಲ ಒಂದು ವಿಚಿತ್ರವುಂಟು. 1950ರಲ್ಲಿ ಧಾರವಾಡದ ಬಾನುಲಿ ನಿಲಯ ಆರಂಭವಾದ ಮೇಲೆ ಆ ಸೀಮೆಯ ಮನೆಗಳಲ್ಲಿ ಅದರ ದನಿಗೆ ಕಿವಿಗೊಡುವ ರೂಢಿ ಬೆಳೆಯಿತು. ಹಗಲಿನಲ್ಲಿ ದನಿಯು ಕ್ಷೀಣವಾದರೂ ಒಂದೇ ಸಮನಾಗಿರುತ್ತಿತ್ತು. ಇರುಳಾಯಿತೆಂದರೆ ಉಬ್ಬುತ್ತಿತ್ತು, ಕುಗ್ಗುತ್ತಿತ್ತು, ಒಡಕಾಗುತ್ತಿತ್ತು. ಕೆಲವು ಕ್ಷಣ ಪೂರ್ತಿ ಅಡಗಿ ತಾನಾಗಿಯೇ ಮರಳುತ್ತಿತ್ತು. ಸಾಗರ ತಾಲ್ಲೂಕಿನ ನಮ್ಮ ತೋಟದ ಮನೆಯಲ್ಲಿ ಅಜ್ಜನವರು ಇದನ್ನು ಬ್ಯಾಟರಿಯ ದೋಷವೆಂದೇ ತಿಳಿದಿದ್ದರು. ಮಳೆಗಾಲದಲ್ಲಿ ಹೊಳೆಯ ನೆರೆಯ ಸುದ್ದಿ ಬರುವ ಹೊತ್ತಿಗೇ ದನಿ ಅಡಗಿದರೆ ಅವರ ಕೋಪಕ್ಕೆ ಪಾರವಿರುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿದರೂ ದೋಷ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಅದು ಪೆಟ್ಟಿಗೆಯಲ್ಲಿರಲಿಲ್ಲ, ಆಕಾಶದಲ್ಲಿತ್ತು.

ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಶರಾವತಿಯ ಹಿನ್ನೀರಿನಲ್ಲಿ ಲಾಂಚುಗಳು ಬಂದವು. ಹೊಳೆಬಾಗಿಲಿನಲ್ಲಿ ಎರಡು ಲಾಂಚುಗಳು ಎದುರುಬದುರಾಗಿ ಹಾದುಹೋದಾಗ ನೀರನ್ನು ನೋಡಿದವರು ಗಮನಿಸಿರಬಹುದು. ಅಲೆಗಳು ಒಂದನ್ನೊಂದು ತಡೆಯುವುದಿಲ್ಲ. ಒಂದರೊಳಗಿಂದ ಇನ್ನೊಂದು ಹಾಯ್ದು ತನ್ನ ದಾರಿ ಹಿಡಿಯುವುದು. ಆದರೆ ಕೂಡಿದ ಜಾಗದಲ್ಲಿ ಉಬ್ಬಿಗೆ ಉಬ್ಬು ಸೇರಿದರೆ ನೀರು ಇಮ್ಮಡಿ ಏರುವುದು. ಉಬ್ಬಿಗೆ ತಗ್ಗು ಸೇರಿದರೆ ಮಟ್ಟಸವಾಗುವುದು. ಹೀಗೆ ಒಂದರ ಮೇಲೊಂದು ಕೂಡುವುದನ್ನು ಅಧ್ಯಾರೋಪಣವೆಂದೂ, ಅದರಿಂದ ಅಲ್ಲಲ್ಲಿ ಹೆಚ್ಚು ಕಡಮೆ ಕಾಣಿಸುವುದನ್ನು ವ್ಯತಿಕರಣವೆಂದೂ ವಿಜ್ಞಾನಿಗಳು ಕರೆಯುವರು. ತಂಬೂರಿಯ ಎರಡು ತಂತಿಗಳು ಶ್ರುತಿಗೆ ಇನ್ನೂ ಕೊಂಚ ದೂರವಿರುವಾಗ ಕೇಳಿಬರುವ ತೂಗಾಟವೂ ಈ ಜಾತಿಯದೇ.

ಬೆಳಕಿಗೂ ಈ ಧರ್ಮವುಂಟೆಂದು 1801ರಲ್ಲಿ ಲಂಡನ್ನಿನಲ್ಲಿ ಸಾರಿದವರು ತಾಮಸ್ ಯಂಗ್ ಎಂಬ ವೈದ್ಯರು. ಬೆಳಕಿಗೆ ಬೆಳಕು ಸೇರಿದರೆ ಕತ್ತಲೆಯಾದೀತೆಂಬ ಮಾತು ನ್ಯೂಟನ್ನನ ಹೆಸರಿಗೆ ತಲೆಬಾಗಿದ್ದ ಜನಕ್ಕೆ ರುಚಿಸಲಿಲ್ಲ. ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಹೆನ್ರಿ ಬ್ರೂಮ್ ಅವರನ್ನು ಕಟುವಾಗಿ ಹಳಿದನು. ಮುಂದೆ ಫ್ರಾನ್ಸಿನ ಫ್ರೆನೆಲ್ ಗಣಿತದ ಬಲ ಕೊಟ್ಟ ಮೇಲೆಯೇ ಯಂಗರ ಮಾತು ನಿಂತಿತು. ಬಾನುಲಿಯ ಅಲೆ ಬೆಳಕಿನ ಕುಲದ್ದೇ ಆದುದರಿಂದ ಈ ಹಕ್ಕು ಅದಕ್ಕೂ ವಂಶಪಾರಂಪರ್ಯವಾಗಿ ಬಂದಿದೆ.

ಹಾಗಾದರೆ ಒಂದೇ ಧಾರವಾಡದಿಂದ ಎರಡು ಅಲೆಗಳು ಹೇಗೆ ಬಂದವು? ಒಂದು ನೆಲವನ್ನು ಅನುಸರಿಸಿ ಬರುವುದು. ಇನ್ನೊಂದು ಮೇಲಕ್ಕೇರಿ, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುದ್ವಾಹಕವಾದ ವಾಯುಪದರಕ್ಕೆ ತಾಗಿ ಹಿಂದಿರುಗುವುದು. ಅಂಥ ಪದರವಿರಬೇಕೆಂದು ಕೆನೆಲಿ ಮತ್ತು ಹೆವಿಸೈಡ್ 1902ರಲ್ಲಿ ಬೇರೆ ಬೇರೆಯಾಗಿ ಊಹಿಸಿದರು. ಹಗಲಿನಲ್ಲಿ ಅದಕ್ಕೂ ಕೆಳಗಿನ ಇನ್ನೊಂದು ಪದರ ಈ ಮೇಲ್ದಾರಿಯ ಅಲೆಯನ್ನು ಹೀರಿಬಿಡುವುದು. ಇರುಳು ಆ ಕೆಳಪದರ ಕರಗಲು, ದಾರಿ ತೆರೆಯುವುದು.

ಇದನ್ನು ಪ್ರಯೋಗದಿಂದ ಸ್ಥಿರಪಡಿಸಿದ ಕಥೆ ಸ್ವಾರಸ್ಯವಾಗಿದೆ. 1924ರ ಡಿಸೆಂಬರಿನಲ್ಲಿ ಎಡ್ವರ್ಡ್ ಆಪಲ್‌ಟನ್ ಮತ್ತು ಮೈಲ್ಸ್ ಬಾರ್ನೆಟ್ ಬೋರ್ನ್‌ಮತ್ ನಗರದ ಬಿ.ಬಿ.ಸಿ. ನಿಲಯದವರನ್ನು ಒಪ್ಪಿಸಿ, ಕಾರ್ಯಕ್ರಮಗಳು ಮುಗಿದ ಮೇಲೆ ಅಲೆಯ ಉದ್ದವನ್ನು ಮೆಲ್ಲಮೆಲ್ಲನೆ ಬದಲಾಯಿಸಿಸಿದರು. ತಾವು ಆಕ್ಸ್‌ಫರ್ಡಿನಲ್ಲಿ ಕುಳಿತು ದನಿ ಎಷ್ಟು ಸಲ ಏರಿ ಇಳಿಯಿತೆಂದು ಎಣಿಸಿದರು. ಎರಡು ದಾರಿಗಳ ಉದ್ದದ ವ್ಯತ್ಯಾಸವನ್ನು ಆ ಎಣಿಕೆಯಿಂದ ಪಡೆದು, ಪದರದ ಎತ್ತರವನ್ನು ಲೆಕ್ಕ ಹಾಕಿದರು. ನಮ್ಮ ಅಜ್ಜನವರು ಬೈದ ಏರಿಳಿತವನ್ನೇ ಅವರು ಅಳತೆಗೋಲು ಮಾಡಿಕೊಂಡರು! ಆಪಲ್‌ಟನ್‌ರಿಗೆ 1947ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕಲ್ಕತ್ತೆಯ ಶಿಶಿರ ಕುಮಾರ ಮಿತ್ರರು ಇದೇ ಆಕಾಶವನ್ನು ಕುರಿತು ಬರೆದ ಮಹಾಗ್ರಂಥವೂ ಅದೇ ವರ್ಷ ಪ್ರಕಟವಾಯಿತು.

ಆ ಲೆಕ್ಕವನ್ನು ನಮ್ಮ ಸೀಮೆಗೆ ಹಚ್ಚಿ ನೋಡೋಣ. ಧಾರವಾಡದ ನಿಲಯ ದಶಕಗಳ ಕಾಲ ಬಳಸಿದ್ದು 765 ಕಿಲೋಹರ್ಟ್ಸ್, ಎಂದರೆ 392 ಮೀಟರ್ ಉದ್ದದ ಅಲೆ. ಸಾಗರವು ಅಲ್ಲಿಂದ ನೇರವಾಗಿ 143 ಕಿಲೋಮೀಟರ್ ಆಸುಪಾಸು. ಪದರವು 100 ಕಿಲೋಮೀಟರ್ ಎತ್ತರವಿದ್ದರೆ ಮೇಲ್ದಾರಿಯ ಉದ್ದ ಸುಮಾರು 246 ಕಿಲೋಮೀಟರ್. ಹೆಚ್ಚಿನ ದೂರ 103. ಇದರಲ್ಲಿ ಸುಮಾರು 260 ಅಲೆಗಳು ಹಿಡಿಸುತ್ತವೆ. ಇಷ್ಟರಲ್ಲಿ ಅರ್ಧ ಅಲೆ ವ್ಯತ್ಯಾಸವಾದರೆ ಸಾಕು, ಕೂಡುತ್ತಿದ್ದವು ಕಳೆಯುವುವು. ಅದಕ್ಕೆ ಪದರವು ಕೇವಲ 120 ಮೀಟರ್ ಮೇಲೆ ಕೆಳಗೆ ಸರಿದರೂ ಆಯಿತು. ನೂರು ಕಿಲೋಮೀಟರ್ ಎತ್ತರದ, ಸದಾ ಅಲುಗುವ ಮಾಡಿಗೆ ನೂರಿಪ್ಪತ್ತು ಮೀಟರ್ ಏನು ಮಹಾ!

ದನಿ ಒಡಕಾಗುತ್ತಿದ್ದುದೇಕೆಂಬುದೂ ಇದರಿಂದಲೇ ತಿಳಿಯುವುದು. ಒಂದು ನಿಲಯದ ದನಿ ಒಂದೇ ಆವರ್ತದಲ್ಲಿ ಇರುವುದಿಲ್ಲ. ಮೂಲ ಅಲೆಯ ಎರಡು ಪಕ್ಕಕ್ಕೂ ಹರಡಿರುತ್ತದೆ. ಮೇಲಿನ ಲೆಕ್ಕದಂತೆ ಪ್ರತಿ 3 ಕಿಲೋಹರ್ಟ್ಸಿಗೆ ಒಂದೊಂದು ಮೌನದ ಸ್ಥಾನ ಬೀಳುವುದು. ಅದು ಮೂಲ ಅಲೆಯ ಮೇಲೆಯೇ ಬಿದ್ದರೆ, ಪಕ್ಕದವು ಉಳಿದಿದ್ದರೂ ಗಾಯಕನ ಕಂಠ ಗುರುತೇ ಸಿಗದಂತೆ ಕೆಡುವುದು. ಮೂಲ ಅಲೆಯ ಆಸರೆಯಿಲ್ಲದೆ ನಮ್ಮ ಪೆಟ್ಟಿಗೆಗೆ ಪಕ್ಕದ ಅಲೆಗಳಿಂದ ದನಿಯನ್ನು ಸರಿಯಾಗಿ ಬಿಡಿಸಿಕೊಳ್ಳಲು ಬರುವುದಿಲ್ಲ. ಎಷ್ಟೋ ರಾತ್ರಿ ಒಳ್ಳೆಯ ರಾಗಗಳು ನಮ್ಮ ಜಗಲಿಯಲ್ಲಿ ಹೀಗೆ ಹಾಳಾದವು.

1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಆಕಾಶವಾಣಿಯ ಯಂತ್ರ 30 ವಾಟ್ ಶಕ್ತಿಯದು. ಘಟ್ಟದಂಚಿನವರು ಅದನ್ನು ನೆಚ್ಚುವಂತಿರಲಿಲ್ಲ. ನಿಜವಾದ ಉಪಶಮನ ದೊರೆತದ್ದು 1965ರಲ್ಲಿ, ಭದ್ರಾವತಿಯ ನಿಲಯದಿಂದ. ಅಲ್ಲಿಂದ ತೀರ್ಥಹಳ್ಳಿ ನೇರವಾಗಿ ಸುಮಾರು 50, ಹೊಸನಗರ 70, ಸಾಗರ 80 ಕಿಲೋಮೀಟರ್. ಸಮೀಪದಿಂದ ಬಂದ ನೆಲದ ಅಲೆ ಬಲವಾಗಿದ್ದುದರಿಂದ ಆಕಾಶದ ಅಲೆ ಅದನ್ನು ಪೂರ್ತಿ ಅಳಿಸಲಾರದಾಯಿತು. ಮೂರರಲ್ಲಿ ತೀರ್ಥಹಳ್ಳಿಯವರೇ ಭಾಗ್ಯವಂತರು.

ಇನ್ನೊಂದು ಮಾತನ್ನು ಅಜ್ಜನವರಿಗೆ ಹೇಳಬೇಕಾಗಿತ್ತು. ಆಗ ನನಗೆ ತಿಳಿದಿರಲಿಲ್ಲ. ಧಾರವಾಡದ ದಿಕ್ಕಿನಲ್ಲಿ ಅರ್ಧ ಕಿಲೋಮೀಟರಿನಷ್ಟು ಸರಿದರೆ ದಾರಿಗಳ ವ್ಯತ್ಯಾಸವೂ ಅರ್ಧ ಅಲೆಯಷ್ಟು ಬದಲಾಗುವುದು. ನಮ್ಮ ಮನೆಯಲ್ಲಿ ನೆರೆಯ ಸುದ್ದಿ ಅಡಗಿದ ಆ ಕ್ಷಣದಲ್ಲಿ, ತೋಟದಾಚೆ ಬಡಗಣ ದಿಬ್ಬದ ಮನೆಯವರು ಅದನ್ನು ಸ್ಪಷ್ಟವಾಗಿ ಕೇಳುತ್ತಿದ್ದಿರಬೇಕು.